ಅಬುಂದಿಯೊ ಕೊರ್ದೆರೊ ಕೊರ್ದೆರೊ

ಅಬುಂದಿಯೊ ಕೊರ್ದೆರೊ ಕೊರ್ದೆರೊ ಮಧ್ಯಾಹ್ನ ಮೂರೂವರೆಗೆ ಕೈಯಲ್ಲಿ ಹೂವಿನ ಕಟ್ಟು ಹಿಡಿದು ಬಂದು ಬಾಗಿಲು ತಟ್ಟಿದಾಗ, ಅದೇ ಹೆಸರಿನ ಇನ್ನೊಬ್ಬ ಒಳಗೆ ಶವಪೆಟ್ಟಿಗೆಯಲ್ಲಿ ಮಲಗಿದ್ದ. ಬಾಗಿಲು ತೆರೆದವಳು ಮಲಗಿದ್ದವನ ಹೆಂಡತಿ ಬಸಿಲಿಸಾ. ಬೆಳಿಗ್ಗೆಯಿಂದ ಆ ಬಾಗಿಲಿಗೆ ಬಂದ ಮೊದಲ ಮನುಷ್ಯ ಇವನೇ. ಅಂತೂ ಒಬ್ಬರಾದರೂ ಬಂದರಲ್ಲ ಎಂದು ಅವಳಿಗೆ ಎಷ್ಟು ಸಮಾಧಾನವಾಯಿತೋ, ಬಂದವನು ಯಾರೆಂದು ನೋಡಿ ಅಷ್ಟೇ ಸಿಟ್ಟೂ ಬಂತು.

"ತಗೊಳ್ಳಿ, ಇದು ನಿಮ್ಮನೇದು," ಎಂದು ಅವನು ಹೂವನ್ನು ಮುಂದೆ ಹಿಡಿದ. "ಬೆಳಿಗ್ಗೆಯಿಂದ ಏಳು ಜನ ನನ್ನ ಮನೆಗೆ ಬಂದು ಅತ್ತು ಹೋದ್ರು. ನಾನೇ ಬಾಗಿಲು ತೆಗೆದ್ರೂ ಒಬ್ಬಳು ಅಳು ನಿಲ್ಲಿಸ್ಲಿಲ್ಲ. ಶುರು ಮಾಡಿದ್ದಾಗಿದೆ, ಮುಗಿಸೇ ಹೋಗ್ತೀನಿ ಅಂದ್ಲು."

ಊರಿಗೆಲ್ಲ ಇವನು ಎರಡುತಟ್ಟೆ. ಅವನ ಅಜ್ಜ ಯಾರದೋ ಮದುವೆಯಲ್ಲಿ ಎರಡು ತಟ್ಟೆ ಮಾಂಸ ಖಾಲಿ ಮಾಡಿದ ದಿನದಿಂದ ಆ ಮನೆಯವರೆಲ್ಲ ಎರಡುತಟ್ಟೆಗಳೇ. ಹಾಗೆ ಕರೆಯದೆ ಬೇರೆ ದಾರಿಯೂ ಇರಲಿಲ್ಲ. ವಾಲ್ದೆಸೋರ್ದ ಹಳ್ಳಿಯ ಇನ್ನೂರ ಎಂಬತ್ತು ಜನರಲ್ಲಿ ಇನ್ನೂರ ಇಪ್ಪತ್ತು ಜನ ಕೊರ್ದೆರೊಗಳು. ಅಪ್ಪನ ಕಡೆಯಿಂದ ಒಂದು ಕೊರ್ದೆರೊ, ಅಮ್ಮನ ಕಡೆಯಿಂದ ಇನ್ನೊಂದು. ಕೊರ್ದೆರೊ ಎಂದರೆ ಕುರಿಮರಿ. ಆ ಹೆಸರು ಮೊದಲು ಬಂದದ್ದು ಕುರಿ ಕಾಯುವವನಿಗೋ, ಕುರಿಮರಿಯಂಥ ಸಾಧು ಮನುಷ್ಯನಿಗೋ ಯಾರಿಗೂ ಗೊತ್ತಿಲ್ಲ. ನೀರಿನ ಸರದಿಗಾಗಿ ಊರಿನವರು ಆಡುವ ಜಗಳ ನೋಡಿದವರಾರೂ ಸಾಧುವಿನ ಮಾತನ್ನು ನಂಬಲಾರರು.

ಕೆಲವು ವರ್ಷಗಳ ಹಿಂದೆ ಮನೆತನದ ಹೆಸರಿನ ಚರಿತ್ರೆ ಮಾರುವವನೊಬ್ಬ ಕಾರಿನಲ್ಲಿ ಬಂದಿದ್ದ. ಹೆಸರು ಹೇಳಿದರೆ ಸಾಕು, ಅದರ ಹುಟ್ಟು, ಅರ್ಥ, ದೇಶದಲ್ಲಿ ಎಷ್ಟು ಜನಕ್ಕಿದೆ ಎಂಬ ಲೆಕ್ಕ, ಜೊತೆಗೊಂದು ಗುರಾಣಿಯ ಚಿತ್ರ, ಎಲ್ಲವನ್ನೂ ಕಟ್ಟು ಹಾಕಿಸಿ ಕೊಡುತ್ತಿದ್ದ. ಮೂರನೆಯ ಮನೆಗೆ ಬರುವಷ್ಟರಲ್ಲಿ ಅವನಿಗೆ ತನ್ನ ಅದೃಷ್ಟ ಅರ್ಥವಾಗಿ, ಹೆಸರು ಕೇಳುವುದನ್ನೇ ಬಿಟ್ಟ. ಬಸಿಲಿಸಾ ಕೂಡ ಒಂದು ಕೊಂಡಳು. ಕೊರ್ದೆರೊಗಳು ಕುರಿಮರಿಯ ಧ್ವಜ ಹಿಡಿದು ಯುದ್ಧಕ್ಕೆ ಹೋದ ವೀರರು ಎಂದು ಅದರಲ್ಲಿ ಬರೆದಿತ್ತು. ಅವಳ ಗಂಡ ಅದನ್ನು ಓದಿಸಿಕೊಂಡು, ಅವರಲ್ಲಿ ಯಾರಾದರೂ ವಾಪಸ್ ಬಂದರೇ ಎಂದು ಕೇಳಿದ್ದ. ಈಗಲೂ ಆ ಊರಿನ ನಲವತ್ತು ಮನೆಗಳ ಗೋಡೆಯ ಮೇಲೆ ಅದೇ ಕುರಿಮರಿ ಇದೆ.

ಬಸಿಲಿಸಾ ಅದನ್ನು ಕೊಂಡದ್ದಕ್ಕೆ ಕಾರಣವಿತ್ತು. ಅವಳ ಗಂಡನ ಮನೆಯವರ ಅಡ್ಡಹೆಸರು ಕತ್ತೆಕಳ್ಳ. ಅವನ ಮುತ್ತಜ್ಜ ಒಂದು ಸಂತೆಯ ದಿನ ಕುಡಿದು, ತನ್ನದೆಂದುಕೊಂಡು ಇನ್ನೊಬ್ಬನ ಕತ್ತೆ ಹೊಡೆದುಕೊಂಡು ಬಂದಿದ್ದ. ಮರುದಿನ ಬೆಳಿಗ್ಗೆಯೇ ಕ್ಷಮೆ ಕೇಳಿ ಹಿಂತಿರುಗಿಸಿದ್ದ. ಕತ್ತೆ ವಾಪಸ್ ಹೋಯಿತು, ಹೆಸರು ಹೋಗಲಿಲ್ಲ. ಹೊರಗಿನ ಊರಿನವಳಾದ ಬಸಿಲಿಸಾ ಮದುವೆಯಾಗಿ ಬಂದು ಗಾಡಿಯಿಂದ ಇಳಿಯುತ್ತಿದ್ದಂತೆ, ಕತ್ತೆಕಳ್ಳನಿಗೆ ಒಳ್ಳೆಯ ಹುಡುಗಿ ಸಿಕ್ಕಳು ಎಂದು ಮುದುಕಿಯೊಬ್ಬಳು ಆಶೀರ್ವಾದವನ್ನೇ ಮಾಡಿದ್ದಳು. ಅಂದಿನಿಂದ ನಲವತ್ತೇಳು ವರ್ಷ ಅವಳು ಕತ್ತೆಕಳ್ಳಿ. ಗಂಡನಿಗೆ ಇದರಿಂದ ಒಂದಿಷ್ಟೂ ಬೇಜಾರಿರಲಿಲ್ಲ. ಅವನ ಪಾಲಿನ ಬೇಜಾರನ್ನೂ ಸೇರಿಸಿ ಅವಳೇ ಪಟ್ಟಳು.

ಕಣ್ಣಿನ ಪೊರೆ ತೆಗೆಸಲು ಪಟ್ಟಣಕ್ಕೆ ಹೋಗಿದ್ದವನ ಹೃದಯ ಅಲ್ಲೇ ನಿಂತುಹೋಯಿತು. ಊರಿಗೆ ಸಾವಿನ ಸುದ್ದಿ ತಿಳಿಸುವ ಮರಣಪತ್ರ ಅಚ್ಚು ಹಾಕಿಸಲು ಹೋದಾಗ ಮುದ್ರಣದವನು, ಹಳ್ಳಿಯವರ ವಿಷಯದಲ್ಲಿ ಕೇಳುವ ಹಾಗೆ, ಹೆಸರಿನ ಕೆಳಗೆ ಅಡ್ಡಹೆಸರು ಏನು ಹಾಕಲಿ ಎಂದು ಕೇಳಿದ. ಬಸಿಲಿಸಾ ಏನೂ ಬೇಡ ಎಂದಳು. ದೇವರ ಮುಂದೆ ಹೋಗುವಾಗಲಾದರೂ ನನ್ನ ಗಂಡ ಕಳ್ಳನಾಗಿ ಹೋಗಬಾರದು ಎಂದು ಅವಳ ಹಟ. ಬೆಳಕು ಹರಿಯುವ ಮೊದಲೇ ವ್ಯಾನು ದೇಹವನ್ನು ತಂದಿಳಿಸಿತು. ಮನೆ ಊರಾಚೆಯ ಹಳೇ ಗಿರಣಿಯ ಪಕ್ಕದಲ್ಲಿ. ಅಕ್ಕಪಕ್ಕದವರು ದೂರದ ಬಿಲ್ಬಾವೊ ನಗರ ಸೇರಿ ಎಷ್ಟೋ ಕಾಲವಾಗಿತ್ತು. ಮಗಳು ಫೆಲಿಸಾ ಮರಣಪತ್ರವನ್ನು ಚರ್ಚಿನ ಬಾಗಿಲಿಗೆ ಅಂಟಿಸಿ ಬಂದು, ಮನೆಯಲ್ಲಿದ್ದ ಕುರ್ಚಿ, ಬೆಂಚು, ಹಾಲು ಕರೆಯುವ ಮಣೆ ಎಲ್ಲವನ್ನೂ ಶವದ ಸುತ್ತ ಸಾಲಾಗಿ ಇಟ್ಟಳು. ಅವುಗಳ ಮೇಲೆ ಇಲ್ಲಿಯವರೆಗೆ ಕೂತದ್ದು ಬೆಕ್ಕು ಮಾತ್ರ.

"ಅಲ್ರೀ, ಅಬುಂದಿಯೊ ಕೊರ್ದೆರೊ ಅಂದ್ರೆ ಯಾರು ಅಂತ ಯಾರಿಗ್ರೀ ಗೊತ್ತಾಗತ್ತೆ?" ಎರಡುತಟ್ಟೆ ಟೋಪಿ ತೆಗೆದು ಬೆಕ್ಕಿನ ಪಕ್ಕದಲ್ಲಿ ಕೂತ. ಅವನಿಗೆ ಚಳಿಗಾಲವೆಲ್ಲ ಹೊಟ್ಟೆನೋವು ಇದ್ದದ್ದರಿಂದ ಜನ ಮೊದಲು ಅವನ ಮನೆಗೇ ಬಂದರಂತೆ. ಅವನು ಬದುಕಿದ್ದಾನೆಂದು ಗೊತ್ತಾದ ಮೇಲೆ, ಹಾಗಾದರೆ ಬಿಲ್ಬಾವೊಗೆ ಹೋದ ಯಾವುದೋ ಕೊರ್ದೆರೊ ಇರಬೇಕೆಂದು ತೀರ್ಮಾನಿಸಿ ತಂತಮ್ಮ ಕೆಲಸಕ್ಕೆ ಹೋದರಂತೆ.

ಕೆಳಗೆ ತನ್ನ ಹೆಸರೂ ಇತ್ತಲ್ಲ, ದುಃಖತಪ್ತ ಹೆಂಡತಿ ಬಸಿಲಿಸಾ ಎಂದು ದೊಡ್ಡದಾಗಿಯೇ ಅಚ್ಚಾಗಿತ್ತಲ್ಲ ಎಂದು ಅವಳು ಕೇಳಿದಳು.

ಎರಡುತಟ್ಟೆ ಟೋಪಿಯ ಅಂಚನ್ನು ತಿರುಗಿಸಿದ. "ಬಸಿಲಿಸಾ ಯಾರು ಅಂತ ಎಲ್ಲಾರೂ ನನ್ನೇ ಕೇಳಿದ್ರು ಕಣ್ರೀ. ನಿಮ್ಮ ತಂಗಿ ಬರೆದ ಕಾಗದ ತಪ್ಪಿ ನನ್ನ ಮನೆಗೆ ಬರ್ತಿದ್ವಲ್ಲ, ಹಂಗಾಗಿ ನನಗೊಬ್ಬನಿಗೆ ಗೊತ್ತು, ಅದೂ ಅವ್ರೆಲ್ಲ ಹೋದ್ಮೇಲೆ ನೆನಪಾಯ್ತು."

ನಲವತ್ತೇಳು ವರ್ಷ ಈ ಊರಿನ ಬಾಣಂತಿಯರಿಗೆ ಸಾರು ಮಾಡಿ ಕೊಟ್ಟವಳು, ಈ ಊರಿನ ಹೆಣಗಳಿಗೆ ಸ್ನಾನ ಮಾಡಿಸಿದವಳು ಬಸಿಲಿಸಾ. ಹೋಗಿ ಹೇಳಿಬರಲೇ ಎಂದು ಎರಡುತಟ್ಟೆ ಎದ್ದಾಗ ಕೂರಿ ಎಂದು ಗದರಿದಳು. ಬರುವವರು ಅಬುಂದಿಯೊ ಕೊರ್ದೆರೊ ಎಂಬ ಮನುಷ್ಯನಿಗಾಗಿ ಬರಲಿ, ಕತ್ತೆಕಳ್ಳನಿಗಾಗಿ ಬರುವವರು ಬೇಡವೇ ಬೇಡ ಎಂದಳು.

"ಐದಕ್ಕೆ ಪಾದ್ರಿ ಬರ್ತಾರಮ್ಮ," ಎಂದಳು ಫೆಲಿಸಾ. "ಹೊರೋಕೆ ಆರು ಹೆಗಲು ಬೇಕು. ಇರೋದು ಇವ್ರು, ನಾನು, ನೀನು. ಅಪ್ಪನ್ನ ತಳ್ಳುಗಾಡೀಲಿ ಇಟ್ಕೊಂಡು ಹೋಗೋಣ್ವಾ?"

ಗಡಿಯಾರ ನಾಲ್ಕೂ ಕಾಲು ತೋರಿಸುತ್ತಿತ್ತು. ಬಸಿಲಿಸಾ ಖಾಲಿ ಕುರ್ಚಿಗಳನ್ನು ನೋಡಿದಳು. ಗಂಡನನ್ನು ನೋಡಿದಳು. ಅವನ ಮುಖದಲ್ಲಿ ಎಂದಿನಂತೆ ಯಾವ ತಕರಾರೂ ಇರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಅವಳು ಮೇಜಿನ ಡ್ರಾಯರಿನಿಂದ ಮರಕ್ಕೆ ಗುರುತು ಹಾಕುವ ದಪ್ಪ ಪೆನ್ಸಿಲ್ ತೆಗೆದುಕೊಂಡು ಯಾರಿಗೂ ಹೇಳದೆ ಹೊರಟಳು.

ಚೌಕದಲ್ಲಿ ಹೆಂಡದಂಗಡಿಯ ಮುಂದೆ, ಗೋಡೆಗೆ ಬಿದ್ದ ಬಿಸಿಲಿನಲ್ಲಿ, ಮೂವರು ಡಾಮಿನೊ ಆಡುತ್ತಿದ್ದರು. ನಾಲ್ಕನೆಯ ಕುರ್ಚಿ ಖಾಲಿ ಇತ್ತು. ತಾಯಿ ತೀರಿಕೊಂಡಂದಿನಿಂದ ಬಸಿಲಿಸಾ ಕಪ್ಪು ಬಟ್ಟೆಯನ್ನೇ ಉಡುತ್ತಿದ್ದಳಾದ್ದರಿಂದ ಅವಳನ್ನು ಕಂಡು ಯಾರಿಗೂ ಏನೂ ಅನ್ನಿಸಲಿಲ್ಲ. ಕಾಸ್ತೊ ಎಂಬ ದಪ್ಪ ಮೀಸೆಯವನು, ಅವಳ ಗಂಡನ ಜೊತೆ ಮೂವತ್ತು ವರ್ಷ ಡಾಮಿನೊ ಆಡಿದವನು, ಕೂತಲ್ಲಿಂದಲೇ ಕರೆದ.

"ಕತ್ತೆಕಳ್ಳಿ ಅತ್ತೆ, ಮಾವನ ಕಣ್ಣು ಹೆಂಗಿದೆ? ಬೇಗ ಕರ್ಕೊಂಡು ಬನ್ನಿ. ಕಣ್ಣು ಸರಿ ಹೋದ್ಮೇಲೆ ಕಾಣಿಸ್ಲಿಲ್ಲ ಅಂತ ಹೇಳಿ ಅವ್ರು ಮೋಸ ಮಾಡೋದು ಕಷ್ಟ, ಅದಕ್ಕೆ ನಾವೆಲ್ಲ ಕಾಯ್ತಾ ಇದೀವಿ."

ಉಳಿದಿಬ್ಬರು ನಕ್ಕರು. ಬಸಿಲಿಸಾ ಅವರ ಮೇಜಿನ ಕಡೆ ನೋಡಿದಳು. ಖಾಲಿ ಕುರ್ಚಿಯ ಮುಂದೆ ಏಳು ಬಿಲ್ಲೆಗಳನ್ನು ಬೆನ್ನು ಮೇಲಾಗಿ ಹಂಚಿ ಇಟ್ಟಿದ್ದರು. ಮಾವ ಈಗ ಬಂದಾನು, ಆಗ ಬಂದಾನು ಎಂದು ಅವರು ನಿತ್ಯ ಹಾಗೆ ಹಂಚುತ್ತಿದ್ದರೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ನೇರ ಚರ್ಚಿನ ಬಾಗಿಲಿಗೆ ನಡೆದು, ಅಚ್ಚಿನ ಹೆಸರಿನ ಕೆಳಗೆ, ಒತ್ತಿ ಒತ್ತಿ, ದಪ್ಪ ಅಕ್ಷರದಲ್ಲಿ ಬರೆದಳು: ಕತ್ತೆಕಳ್ಳ.

ಹಿಂದೆ ಕುರ್ಚಿಯೊಂದು ಬಿದ್ದ ಸದ್ದಾಯಿತು. ಕಾಸ್ತೊ ಬಂದು ಅವಳ ಹೆಗಲ ಮೇಲಿಂದ ಓದಿದ. ಮತ್ತೊಮ್ಮೆ ಓದಿದ.

"ನಮ್ಮ ಮಾವನಾ?" ಎಂದ. "ಬೆಳಿಗ್ಗೆಯಿಂದ ಇದರ ಮುಂದೇನೇ ಓಡಾಡ್ತಾ ಇದೀವಲ್ಲ ಅತ್ತೆ. ಯಾರೋ ಪರದೇಶಿ ಅಂದ್ಕೊಂಡ್ವಿ."

ಅಷ್ಟು ದೊಡ್ಡ ಆಳು ಚರ್ಚಿನ ಮೆಟ್ಟಿಲ ಮೇಲೆ ಕೂತು ಟೋಪಿಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಉಳಿದಿಬ್ಬರಲ್ಲಿ ಒಬ್ಬ ಕೆಳಗಿನ ಬೀದಿಗೆ ಓಡಿದ, ಇನ್ನೊಬ್ಬ ಮೇಲಿನ ಬೀದಿಗೆ. ಕತ್ತೆಕಳ್ಳ ಮಾವ ಹೋಗಿಬಿಟ್ಟರು ಎಂಬ ಕೂಗು ಮನೆಯಿಂದ ಮನೆಗೆ ದಾಟಿತು. ಬಾಗಿಲುಗಳು ತೆರೆದವು. ಹೆಂಗಸರು ಏಪ್ರನ್ ಬಿಚ್ಚುತ್ತಲೇ ಬೀದಿಗೆ ಇಳಿದರು. ಆರಲ್ಲ, ಅರವತ್ತು ಹೆಗಲುಗಳು ಗಿರಣಿಯ ದಾರಿ ಹಿಡಿದವು. ಓಡುವವರಲ್ಲಿ ಕೆಲವರು ಆಗಲೇ ಅಳುತ್ತಿದ್ದರು. ಒಬ್ಬಳಂತೂ ಬೆಳಿಗ್ಗೆ ಎರಡುತಟ್ಟೆಯ ಮನೆಯಲ್ಲಿ ಅತ್ತು ಬಂದವಳು.

ಬಸಿಲಿಸಾ ಇನ್ನೂ ಬಾಗಿಲ ಮುಂದೆಯೇ ನಿಂತಿದ್ದಳು. ಪೆನ್ಸಿಲ್ಲನ್ನು ಜೇಬಿಗೆ ಹಾಕಿಕೊಂಡಳು. ಮತ್ತೆ ತೆಗೆದಳು. ಕಾಗದದ ತೀರ ಕೆಳಗೆ, ದುಃಖತಪ್ತ ಹೆಂಡತಿ ಬಸಿಲಿಸಾ ಎಂದಿದ್ದ ಸಾಲಿನ ಪಕ್ಕದಲ್ಲಿ, ಉಳಿದ ಅಂಚಿನಲ್ಲಿ ಸಣ್ಣಗೆ ಬರೆಯತೊಡಗಿದಳು. ಜಾಗ ಸಾಲಲಿಲ್ಲ. ಕೊನೆಯ ‘ಳ್ಳಿ’ ಅಕ್ಷರ ಕಾಗದ ದಾಟಿ ಬಾಗಿಲಿನ ಮರದ ಮೇಲೆ ಬಂತು.