ಕೋಟೆ ಬಾಗಿಲು ತೆರೆದವನು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ. ಆದರೆ ಆ ಮಧ್ಯಾಹ್ನ ಡಬ್ಬಿಂಗ್ ಸ್ಟುಡಿಯೋದಲ್ಲಿ ಎಷ್ಟು ಹಲ್ಲು ಕಚ್ಚಿಕೊಂಡು ಕೂತಿದ್ದೆ ಎಂಬುದು ನನಗೊಬ್ಬಳಿಗೇ ಗೊತ್ತು. ಗಾಜಿನ ಆಚೆ ಮೈಕ್ ಮುಂದೆ ನಿಂತಿದ್ದವನು ನನ್ನ ಒಡಹುಟ್ಟಿದ ತಮ್ಮ. ಈಚೆ ರೆಕಾರ್ಡಿಂಗ್ ಮೇಜಿನ ಮುಂದೆ ನಾನು. ಕೆಲಸದ ಮಾತು ಬಿಟ್ಟರೆ ನಾಲ್ಕು ವರ್ಷದಿಂದ ನಮ್ಮ ನಡುವೆ ಬೇರೆ ಮಾತಿಲ್ಲ.

ನಾಲ್ಕು ವರ್ಷದ ಹಿಂದೆ ಅವನು ಓಡಿಸುತ್ತಿದ್ದ ಕಾರು ಮರಕ್ಕೆ ಗುದ್ದಿತು. ಹಿಂದಿನ ಸೀಟಿನಲ್ಲಿದ್ದ ನನ್ನ ಮಗಳಿಗೆ ಆಗ ಆರು ವರ್ಷ. ಅವಳ ಎಡಗಾಲು ಮತ್ತೆ ನೆಟ್ಟಗಾಗಲೇ ಇಲ್ಲ. "ಪುಟ್ಟಿ ಆಟ ಆಡ್ತಾ ಹಿಂದಿನಿಂದ ನನ್ನ ಕಣ್ಣು ಮುಚ್ಚಿಬಿಟ್ಟಳು" ಎಂದು ಇವನು ಆಸ್ಪತ್ರೆಯಲ್ಲಿ ಅವಳ ಎದುರಿಗೇ ಹೇಳಿದ. ಅವಳಿಗೆ ಏನೂ ನೆನಪಿರಲಿಲ್ಲ, ಮಾವ ಹೇಳಿದ್ದನ್ನು ನಂಬಿದಳು. ಆಮೇಲೆ ಅವಳ ಬಾಯಲ್ಲಿ ಲೋಟ ಬಿದ್ದರೂ ಸಾರಿ, ಕರೆಂಟ್ ಹೋದರೂ ಸಾರಿ. ನಿಜವೇ ಆಗಿರಲಿ, ಮಗುವಿನ ಕಿವಿಗೆ ಬೀಳುವಂತೆ ಹೇಳುವುದೇ? ಅಂದಿನಿಂದ ಅವನನ್ನು ಮನೆಯ ಹೊಸಿಲು ತುಳಿಯಲು ಬಿಟ್ಟಿಲ್ಲ.

ನಾವು ಡಬ್ ಮಾಡುತ್ತಿದ್ದುದು ರೆಕ್ಕೆಯ ಕುದುರೆ, ಮಾಂತ್ರಿಕರು ಇರುವ ಕಾರ್ಟೂನ್ ಸರಣಿ. ತಮ್ಮನದು ಯುವರಾಜನ ಪಾತ್ರ. ಹೆದರಿ ವೈರಿಗೆ ಕೋಟೆ ಬಾಗಿಲು ತೆರೆದು, ತಪ್ಪನ್ನು ಕಾವಲುಗಾರನ ಪುಟ್ಟ ಮಗಳ ತಲೆಗೆ ಕಟ್ಟಿದವನು. ಕೊನೆಯ ಕಂತಿನಲ್ಲಿ ಅದೇ ಹುಡುಗಿಯನ್ನು ಬೆಂಕಿಯಿಂದ ಹೊರಗೆ ತಳ್ಳಿ ತಾನು ಸಾಯುತ್ತಾನೆ.

"ಪಾಪ, ಸಾಯೋ ಹೊತ್ತಿಗಾದ್ರೂ ಒಳ್ಳೆಯವನಾದ ನೋಡಮ್ಮ," ಎಂದು ಸಂಭಾಷಣೆ ಬರೆಯುವ ಮೇಷ್ಟ್ರು ಕಣ್ಣೊರೆಸಿಕೊಂಡರು. ತಾವು ಬರೆದದ್ದಕ್ಕೆ ತಾವೇ ಅಳುವುದು ಅವರ ಅಭ್ಯಾಸ.

"ಏನ್ ಒಳ್ಳೆಯವನು ಮೇಷ್ಟ್ರೇ? ಇವನು ಸತ್ತು ಹೀರೋ ಆದ. ಊರವರು ಆ ಹುಡುಗೀನ ಇನ್ನೂ ದ್ರೋಹಿ ಅಂತಲೇ ಅಂತಾರಲ್ಲ!"

ತಮ್ಮನಿಗೂ ಕೇಳಲಿ ಎಂದೇ ಮೈಕಿನ ಗುಂಡಿ ಒತ್ತಿ ಹೇಳಿದ್ದೆ.

"ಅವನು ಉದ್ಧಾರ ಆಗೋಕೆ ದಾರೀನೇ ಇರಲಿಲ್ವಾ ಅಕ್ಕ?" ಎಂದ ಆಚೆಯಿಂದ.

"ಬಾಯಿತ್ತಲ್ಲ, ನಿಜ ಹೇಳಬೇಕಿತ್ತು. ಸುಮ್ನೆ ಟೇಕ್ ಕೊಡು."

ಕೊನೆಯ ದೃಶ್ಯದಲ್ಲಿ ಯುವರಾಜನ ಬೆನ್ನಷ್ಟೇ ಕಾಣುತ್ತದೆ. ಸ್ಕ್ರಿಪ್ಟಿನಲ್ಲಿದ್ದದ್ದು ಏದುಸಿರು ಮಾತ್ರ. ಮೊದಲ ಟೇಕಿನಲ್ಲಿ ತಮ್ಮನಿಗೆ ಕೆಮ್ಮು ಬಂತು. ಎರಡನೆಯದರಲ್ಲಿ ಉಸಿರೇ ಹೊರಡಲಿಲ್ಲ. ಮೂರನೆಯದರಲ್ಲಿ ಇದ್ದಕ್ಕಿದ್ದಂತೆ, "ಬಾಗಿಲು ತೆಗೆದದ್ದು ಆ ಮಗು ಅಲ್ಲ, ನಾನು" ಎಂದುಬಿಟ್ಟ.

"ಭಲೇ! ತುಟಿ ಕಾಣಲ್ಲ, ಸರಿಯಾಗಿ ಕೂರುತ್ತೆ, ಇಟ್ಕೊಳ್ಳೋಣ!" ಎಂದು ಮೇಷ್ಟ್ರು ಕುರ್ಚಿಯಿಂದ ಎದ್ದರು.

ತಮ್ಮ ಹೆಡ್‌ಫೋನ್ ತೆಗೆದ. "ಪುಟ್ಟಿ ನನ್ನ ಕಣ್ಣು ಮುಚ್ಚಲಿಲ್ಲ ಅಕ್ಕ. ನಿದ್ದೆ ಮಾಡ್ತಿದ್ದಳು. ನಾನು ಫೋನ್ ನೋಡ್ತಿದ್ದೆ."

ಕೆನ್ನೆಗೆ ಎರಡು ಬಿಗಿಯಬೇಕೆಂದೇ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಎತ್ತಿದ ಕೈ ನೋಡಿಯೂ ಅವನು ಹಿಂದೆ ಸರಿಯಲಿಲ್ಲ.

"ಹೊಡಿ ಅಕ್ಕ."

"ಹೊಡೆಸಿಕೊಂಡು ಹಗುರ ಆಗ್ಬೇಕಾ? ಅಯ್ಯೋ ಪಾಪಿ, ನಾಲ್ಕು ವರ್ಷ ಕಣೋ! ನಡಿ. ಶಾಲೆ ಬಿಡೋ ಹೊತ್ತಾಯ್ತು. ಅವಳಿಗೆ ಹೇಳು."

"ಅವಳು ನನ್ನ ಮುಖ ನೋಡದೇ ಹೋದ್ರೆ?"

"ಹೋಗ್ಲಿ."

ಶಾಲೆಯ ಗೇಟಿನ ಬಳಿ ಅವನು ಮಂಡಿಯೂರಿ ಕೂತು ಎಲ್ಲ ಹೇಳಿದ. ದನಿ ಮಾರಿ ಬದುಕುವವನಿಗೆ ದನಿಯೇ ಇರಲಿಲ್ಲ. ಎರಡು ಸಲ ಹೇಳಬೇಕಾಯಿತು. ಮಗಳು ಚೀಲದ ಪಟ್ಟಿ ಹಿಡಿದು ಕೇಳಿಸಿಕೊಂಡಳು. ಅಳಲಿಲ್ಲ, ಬೈಯಲೂ ಇಲ್ಲ. ಅವನ ಕಡೆ ನೋಡದೆ ನನ್ನನ್ನೇ ಕೇಳಿದಳು.

"ಹಾಗಾದ್ರೆ ಅಮ್ಮ, ನಾನು ಡ್ರೈವರ್ ಹಿಂದೆ ಕೂತ್ರೂ ಯಾರಿಗೂ ಏನೂ ಆಗಲ್ವಾ?"

ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಖಾಲಿ ಇದ್ದರೂ ಇವಳು ನಿಂತೇ ಬರುತ್ತಿದ್ದಳು. ಕಾಲು ಎಷ್ಟೇ ನೋಯಲಿ, ಕೂರುತ್ತಿರಲಿಲ್ಲ. ಹಟ ಎಂದು ಗದರಿದ್ದೆ, ನಾನು, ಹೆತ್ತ ತಾಯಿ.

"ಏನೂ ಆಗಲ್ಲ ಕಂದಾ," ಎಂದೆ. ಬಸ್ಸು ಬಂತು. ನಾವಿಬ್ಬರೂ ಹತ್ತಿದೆವು. ತಮ್ಮ ಗೇಟಿನ ಬಳಿಯೇ ಉಳಿದ, ನಾನು ಕರೆಯಲಿಲ್ಲ.