ಅಳದ ಕೂಸು

ಹೊಸ ಡೈರೆಕ್ಟರ್ ಕೈರೋದಿಂದ ನಮ್ಮ ಆಸ್ಪತ್ರೆಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಅಂಗಳದಲ್ಲಿದ್ದ ನಮ್ಮ ಬೆಂಚು ಎತ್ತಿಸಿ ಉಗ್ರಾಣಕ್ಕೆ ಹಾಕಿಸಿದ್ದು. ಆಮೇಲೆ ಮಕ್ಕಳ ವಿಭಾಗದ ಬಾಗಿಲಿಗೆ ಗಾಜಿನ ಕಿಟಕಿ ಕೂರಿಸಿದ. ಒಳಗೆ ಫ್ಯಾನಿನ ಕೆಳಗೆ ಒಬ್ಬ ಗುಮಾಸ್ತ, ಹೊರಗೆ ಬಿಸಿಲಲ್ಲಿ ಕೂಸು ಹೊತ್ತ ತಾಯಂದಿರು. ಕಬ್ಬಿನ ಗದ್ದೆಗಳಿಂದ ಲಾರಿಯ ಹಿಂದೆ ನಿಂತುಕೊಂಡು ಬಂದವರು. ಕೆಲವರ ಕಾಲಲ್ಲಿ ಚಪ್ಪಲಿಯೂ ಇರುತ್ತಿರಲಿಲ್ಲ.

ಬೆಂಚು ಅಂದರೆ ಬರೀ ಹಲಗೆ, ಬಣ್ಣ ಕೂಡ ಇರಲಿಲ್ಲ. ಆದರೆ ನಾವು ನರ್ಸುಗಳು ಅದರ ಮೇಲೆ ಕೂತು ಎಷ್ಟು ಕೂಸುಗಳನ್ನು ನೋಡಿದ್ದೇವೆ! ಕೂಸನ್ನು ತಾಯಿಯ ಮಡಿಲಿಂದ ಕಿತ್ತುಕೊಳ್ಳುತ್ತಿರಲಿಲ್ಲ. ಅಲ್ಲೇ ಇರಲಿ ಅಂತ ಬಿಟ್ಟು, ಅಂಗಿ ಎತ್ತಿ, ಉಸಿರಾಡುವಾಗ ಎದೆ ಒಳಗೆ ಕುಸಿಯುತ್ತದೆಯಾ ನೋಡುತ್ತಿದ್ದೆವು. ಹೊಟ್ಟೆಯ ಚರ್ಮ ಮೆಲ್ಲಗೆ ಚಿವುಟಿ ಬಿಡುತ್ತಿದ್ದೆವು; ಮೈಯಲ್ಲಿ ನೀರಿದ್ದರೆ ಅದು ತಟ್ಟನೆ ಮೊದಲಿನಂತಾಗುತ್ತದೆ. ಅತ್ತರೆ ಕಣ್ಣೀರು ಬರುತ್ತದೆಯಾ, ಬಾಯಿ ಒಣಗಿದೆಯಾ ನೋಡುತ್ತಿದ್ದೆವು. ಎರಡು ವರ್ಷದ ಕೂಸು ಎಲ್ಲಿ ನೋವು ಅಂತ ಹೇಳೀತೇ? ಅದರ ಮೈಯನ್ನೇ ಕೇಳಬೇಕು. ಅಳುವ ಕೂಸು ಸ್ವಲ್ಪ ಕಾದೀತು, ಅಳದ ಕೂಸು ಕಾಯುವುದಿಲ್ಲ. ಹೊಸದಾಗಿ ಬಂದ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡುತ್ತಿದ್ದದ್ದು ಇದನ್ನೇ.

ಇನ್ನೊಂದು ಮಾತನ್ನೂ ಹೇಳಿಕೊಡುತ್ತಿದ್ದೆ. ನಮ್ಮ ಸೀಮೆಯ ಹೆಂಗಸರು ಮನೆಗೆ ಬೆಂಕಿ ಬಿದ್ದಿದ್ದರೂ 'ಹೇಗಿದ್ದೀಯ' ಅಂದರೆ 'ಅಲ್‌ಹಮ್ದುಲಿಲ್ಲಾ' ಅಂತ ದೇವರನ್ನು ಸ್ತುತಿಸಿ 'ಆರಾಮ' ಅನ್ನುವವರು. ಕಷ್ಟ ಹೇಳಿಕೊಂಡರೆ ದೇವರ ಮೇಲೆ ದೂರು ಹೇಳಿದ ಹಾಗೆ ಅಂತ ಅವರ ನಂಬಿಕೆ. ನನ್ನ ತಾಯಿಯೂ ಹಾಗೇ ಇದ್ದಳು. ಅದಕ್ಕೇ ಆ ಮೊದಲ ಉತ್ತರಕ್ಕೆ ನಾವು ನಿಲ್ಲುತ್ತಿರಲಿಲ್ಲ. "ದೇವರು ದೊಡ್ಡಾವ, ಖರೆ. ಮುಂಜಾನಿಂದ ನೀರು ಕುಡದಾನೇನು? ಉಚ್ಚಿ ಹೊಯ್ದಾನೇನು?" ಅಂತ ಕೇಳಿದರೆ ಆಗ ಕಟ್ಟೆ ಒಡೆದ ಹಾಗೆ ಎಲ್ಲ ಹೊರಗೆ ಬರುತ್ತಿತ್ತು.

ಇದೆಲ್ಲ ಡೈರೆಕ್ಟರ್ ಮೆದ್‌ಹತ್‌ಗೆ ಗೊತ್ತಿರಲಿಲ್ಲವೇ? ಆತ ಮಕ್ಕಳ ಡಾಕ್ಟರೇ. ಚೆನ್ನಾಗಿ ಗೊತ್ತಿತ್ತು. ಆದರೆ ನರ್ಸುಗಳು ಬೇಕಾಗಿದ್ದದ್ದು ಮಾಳಿಗೆಯ ಮೇಲಿನ ಹಣ ಕೊಡುವವರ ವಾರ್ಡಿಗೆ. ಎ.ಸಿ. ಕೋಣೆ, ಹೂವಿನ ಪರದೆ. ನಮ್ಮನ್ನೆಲ್ಲ ಅಲ್ಲಿಗೆ ಹತ್ತಿಸಿದ. ಕೆಳಗೆ ಕಿಟಕಿಯಲ್ಲಿ ಹಮ್ದಿಯನ್ನು ಕೂರಿಸಿದ. ಹಮ್ದಿ ಅದುವರೆಗೆ ಗೇಟಿನಲ್ಲಿ ಕಾರು ನಿಲ್ಲಿಸುತ್ತಿದ್ದವನು. ಅವನಿಗೆ ಕಲಿಸಿದ್ದು ಒಂದೇ ಪ್ರಶ್ನೆ.

ನಗಾತ್ ಬಂದ ದಿನ ಅವಳನ್ನೂ ಅದೇ ಕೇಳಿದ. ಅವಳ ಗಂಡ ಕಬ್ಬು ಕಡಿಯುವವನು. ಸೊಂಟದ ಮೇಲೆ ಮಗ ಬದ್ರ್, ಇನ್ನೂ ಎರಡು ತುಂಬಿರಲಿಲ್ಲ. ವಾಂತಿ ಭೇದಿ ಎಂದು ಬಂದವಳು, ದಾರಿಯಲ್ಲಿ ದೃಷ್ಟಿ ತಾಗದಿರಲಿ ಅಂತ ಕೂಸಿನ ಕಣ್ಣಿಗೆ ದಪ್ಪಗೆ ಕಾಡಿಗೆ ಹಚ್ಚಿದ್ದಳು. ಗುಳಿಬಿದ್ದ ಕಣ್ಣು ಆ ಕಪ್ಪಿನಲ್ಲಿ ಮುಚ್ಚಿಹೋಗಿತ್ತು.

"ಏನಬೇ, ಕೂಸು ಹೆಂಗೈತಿ?"

"ಅಲ್‌ಹಮ್ದುಲಿಲ್ಲಾ, ಆರಾಮ ಐತ್ರಿ."

"ಆರಾಮ ಇದ್ರ ಹಬ್ಬಕ್ಕ ಬಂದೀಯೇನು? ಹೋಗಿ ನೆಳ್ಳಾಗ ಕುಂದ್ರು. ಕರೀತೀನಿ."

ಕರೆಯಲಿಲ್ಲ. ಕಿರುಚಾಡುವ ಮಕ್ಕಳನ್ನು ಮೊದಲು ಒಳಗೆ ಬಿಟ್ಟ, ತಲೆನೋವು ತಪ್ಪಲಿ ಅಂತ. ಬದ್ರ್ ಅಳಲಿಲ್ಲ.

ನಾನು ಮೇಲೆ ಒಬ್ಬ ಸಕ್ಕರೆ ವ್ಯಾಪಾರಿಯ ಮಗನ ನೆಗಡಿಗೆ ಉಪಚಾರ ಮಾಡುತ್ತಿದ್ದೆ. ಮಧ್ಯಾಹ್ನ ಹತ್ತಿ ತರಲು ಕೆಳಗಿಳಿದಾಗ ಬೇವಿನ ಮರದ ಬುಡದಲ್ಲಿ ಅವಳನ್ನು ಕಂಡೆ.

"ಎಷ್ಟ್ ಹೊತ್ತಾತವಾ ಬಂದು?"

"ಮುಂಜಾನಿ ಬಂದೀನಕ್ಕಾ. ಈಗ ಛಲೋ ಅದಾನ. ಅಳೂದು ಬಿಟ್ಟು ಮಕ್ಕೊಂಡಾನ."

ಅಂಗಿ ಎತ್ತಿ ಹೊಟ್ಟೆ ಚಿವುಟಿದೆ. ಚಿವುಟಿದ ಚರ್ಮ ಹಿಟ್ಟಿನ ಮಡಿಕೆಯಂತೆ ಹಾಗೇ ನಿಂತಿತು. ತುಟಿಗೆ ನೀರು ಮುಟ್ಟಿಸಿದರೆ ನುಂಗಲಿಲ್ಲ. ಎತ್ತಿಕೊಂಡು ಓಡಿದೆ. ಹಮ್ದಿ "ಪಾಳಿ, ಪಾಳಿ" ಅಂತ ಕೂಗಿದ. ಅವನ ಪಾಳಿಗೆ ಬೆಂಕಿ ಬೀಳಲಿ! ಒಳಗಿದ್ದ ಹುಡುಗ ಡಾಕ್ಟರ್ ಕೈ, ಕಾಲು, ತಲೆ ಎಲ್ಲ ಹುಡುಕಿದ. ಸೂಜಿಗೆ ಒಂದು ನರವೂ ಸಿಗಲಿಲ್ಲ. ಸಂಜೆಯ ಆಜಾನ್ ಕೂಗುವ ಮೊದಲೇ ಬದ್ರ್ ಹೋಗಿಬಿಟ್ಟ.

ಮೆದ್‌ಹತ್ ಆಗ ಮಾಳಿಗೆ ಇಳಿದು ಬಂದ.

"ಪಾಪ. ಆದರೆ ತಾಯಿಯೇ ಆರಾಮಾಗಿದೆ ಅಂದಳಂತಲ್ಲ. ಇಂಥ ತಿಳಿಗೇಡಿಗಳಿಗೆ ನಾವೇನು ಮಾಡೋಕಾಗುತ್ತೆ?"

ನಗಾತ್ ಅದನ್ನು ಕೇಳಿಸಿಕೊಂಡಳು. ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳತೊಡಗಿದಳು. "ಈ ಬಾಯೇ ಕೊಂದಿತು ನನ್ನ ಕೂಸನ್ನ! ಈ ಸುಡುಗಾಡು ಬಾಯಿ!"

ನಾನು ಅವಳ ಕೈ ಹಿಡಿದೆ. "ನಿನ್ನ ಬಾಯಲ್ಲ ತಂಗೀ. ಕೂಸನ್ನ ಮುಟ್ಟಿ ನೋಡೋ ಕೈಗಳನ್ನ ಇವರು ಮ್ಯಾಲ ಒಯ್ದು ಮಾರ್ಕೊಂಡ್ರು."

"ಸಿಸ್ಟರ್ ಅವಾತಿಫ್," ಅಂದ ಮೆದ್‌ಹತ್, "ಮೇಲೆ ನಿಮಗಾಗಿ ಕಾಯ್ತಿದ್ದಾರೆ."

ಅಂದು ನಾನು ಮೇಲೆ ಹೋಗಲಿಲ್ಲ. ನಗಾತ್‌ಳ ಜೊತೆ ಅವಳ ಊರಿಗೆ ಹೋದೆ.

ಆಮೇಲೆ ರಾಜಧಾನಿಯಿಂದ ದೊಡ್ಡ ಸಾಹೇಬರು ಆಸ್ಪತ್ರೆ ತಪಾಸಣೆಗೆ ಬರುವ ಸುದ್ದಿ ಬಂತು. ಗೋಡೆಗೆ ಸುಣ್ಣ, ಕುಂಡಗಳಲ್ಲಿ ಹೂವು. ತಾಯಂದಿರಿಗೆ ಏನಾದರೂ ಹೇಳಿಕೊಡಬೇಕೇ ಅಂತ ಹಮ್ದಿ ಕೇಳಿದ. ಮೆದ್‌ಹತ್ ನಕ್ಕ. "ಇವರಿಗೆ ಹೇಳಿಕೊಡೋದು ಯಾಕೆ? ತಲೆ ಮೇಲೆ ಕಲ್ಲು ಹಾಕಿದರೂ ಅಲ್‌ಹಮ್ದುಲಿಲ್ಲಾ ಅಂತಾರೆ."

ನಾನು ಬಾಗಿಲಲ್ಲೇ ಇದ್ದೆ. ಆ ಮಾತನ್ನು ಹಾಗೇ ಹೊತ್ತುಕೊಂಡು ಅಂಗಳದ ನಲ್ಲಿಯ ಹತ್ತಿರ ಹೋಗಿ ಹೆಂಗಸರ ಮುಂದೆ ಇಟ್ಟೆ. ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡಿದ್ದ ಮುದುಕಿ ಬಹೀಯಾ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು.

"ಹಂಗಾರ," ಅಂದಳು, "ನಾವು ದೇವರಿಗೆ ಹೇಳೂ ಮಾತಿನ್ಯಾಗ ಇವ ತನ್ನ ಬ್ಯಾಳಿ ಬೇಯಿಸ್ಕೊಳ್ಳಾಕತ್ತಾನ."

ಸಾಹೇಬರು ಬಂದರು. ಹಿಂದೆ ಕ್ಯಾಮೆರಾಗಳು. ಸಾಲಿನ ಮುಂದಿದ್ದ ಬಹೀಯಾಳ ಕಡೆ ಬಾಗಿ ಕೇಳಿದರು: "ಹೇಗಿದ್ದೀರಿ ಅಜ್ಜಿ? ಮಗು ಹೇಗಿದೆ?"

"ಅಲ್‌ಹಮ್ದುಲಿಲ್ಲಾ," ಅಂದಳು ಮುದುಕಿ. ಮೆದ್‌ಹತ್‌ನ ಮುಖ ಅರಳಿತು.

"ಅದು ದೇವರಿಗೆ," ಅಂದಳು. "ನಿಮಗಲ್ಲ. ಕೂಸು ಆರಾಮ ಇಲ್ಲ."

"ನನ್ನ ಕೂಸೂ ಆರಾಮ ಇಲ್ಲ," ಅಂದಳು ಪಕ್ಕದವಳು.

"ನಂದೂ ಇಲ್ಲ."

"ಯಾರ ಕೂಸೂ ಆರಾಮ ಇಲ್ಲ!"

ಮೆದ್‌ಹತ್ ಎರಡೂ ಕೈ ಎತ್ತಿ ಸುಮ್ಮನಿರಿಸಲು ನೋಡಿದ. ಅಷ್ಟರಲ್ಲಿ ಸಾಲು ಎರಡಾಗಿ ಸರಿದು ದಾರಿ ಕೊಟ್ಟಿತು. ಕಪ್ಪು ಬಟ್ಟೆಯಲ್ಲಿ ನಗಾತ್ ಬರುತ್ತಿದ್ದಳು. ಸೊಂಟ ಖಾಲಿಯಿತ್ತು. ಸಾಹೇಬರನ್ನು ಅವಳು ನೋಡಲೂ ಇಲ್ಲ. ನೇರ ಕಿಟಕಿಗೆ ಹೋಗಿ ಗಾಜಿನ ಮೇಲೆ ಅಂಗೈ ಬಡಿದಳು.

"ಕೇಳು. ಕೂಸು ಹೆಂಗೈತಿ ಅಂತ ಕೇಳು."

ಹಮ್ದಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ.

"ಅವತ್ತು ಕೇಳಿದ್ಯಲ್ಲ, ಇವತ್ತೂ ಕೇಳೋ!"

ಹೆಂಗಸರೆಲ್ಲ ಕಿಟಕಿಗೆ ಮುತ್ತಿದರು. ಕೇಳು, ಕೇಳು ಅಂತ ಗಾಜು ಬಡಿದರು. ಸಾಹೇಬರ ಕಾರು ಯಾವಾಗ ಹೊರಟಿತೋ ಯಾರೂ ನೋಡಲಿಲ್ಲ. ನಾನು ಮತ್ತು ಮೇಲಿಂದ ಇಳಿದು ಬಂದ ಹುಡುಗಿಯರು ಉಗ್ರಾಣದ ಬೀಗ ಒಡೆದು ಬೆಂಚು ಎಳೆದುಕೊಂಡು ಬಂದೆವು. ಅದರ ಮೇಲೆ ಬೆರಳು ದಪ್ಪ ಧೂಳು ಕೂತಿತ್ತು.

"ಕೆಲಸ ಹೋಗುತ್ತೆ ಸಿಸ್ಟರ್," ಅಂದ ಮೆದ್‌ಹತ್.

"ಹೋಗ್ಲಿ. ಅಲ್ಲೀತನಕ ಇಲ್ಲೇ ಕುಂತಿರ್ತೀನಿ."

ನಗಾತ್ ತನ್ನ ಕಪ್ಪು ಬಟ್ಟೆಯ ಅಂಚಿನಿಂದ ಹಲಗೆ ಒರೆಸಿದಳು. ನಾನು ಕೂತೆ. ಅಂಗಳದ ತುಂಬ ಮಕ್ಕಳ ಅಳು. ನಾನು ಗಂಟಲು ಎತ್ತರಿಸಿ ಕೂಗಿದೆ:

"ಮೊದ್ಲ ಅಳದ ಕೂಸುಗಳನ್ನ ತರ್ರಿ."