ಎಂಟುನೂರರ ರೋಲು

ನನಗೆ ಫ್ಲ್ಯಾಷ್ ಕಂಡರೆ ಆಗುವುದಿಲ್ಲ. ಅದು ಮುಖದ ಮೇಲೆ ಸಿಡಿದ ಗಳಿಗೆಯಲ್ಲಿ ಎಂಥವರೂ ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಕಾಣುತ್ತಾರೆ. ನನ್ನ ಅತ್ತೆಯಂಥ ಅತ್ತೆಯೇ ಅದರ ಮುಂದೆ ಬೆಪ್ಪಾಗಿ ನಿಂತದ್ದನ್ನು ನೋಡಿದ್ದೇನೆ, ಇನ್ನು ಉಳಿದವರ ಪಾಡೇನು? ಅದಕ್ಕೇ ನನ್ನ ಕ್ಯಾಮೆರಾಗೆ ನಾನು ಹಾಕುತ್ತಿದ್ದುದು ಎಂಟುನೂರರ ಕಲರ್ ರೋಲು ಮಾತ್ರ. ಡಬ್ಬಿಯ ಮೇಲಿನ ಅಂಕಿ ದೊಡ್ಡದಾದಷ್ಟೂ ರೋಲಿಗೆ ಕಡಿಮೆ ಬೆಳಕು ಸಾಕು. ನೂರರ ರೋಲಿಗೆ ಬಿಸಿಲೇ ಆಗಬೇಕು. ಎಂಟುನೂರರದ್ದು ಕಿಟಕಿಯ ಸಂದಿಯಲ್ಲಿ ನುಸುಳಿದ ಬೆಳಕಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಇದು ಫೋನುಗಳಿನ್ನೂ ಗೋಡೆ ಬಿಟ್ಟು ಕದಲದಿದ್ದ ಕಾಲದ ಮಾತು.

ನಾನು ದರ್ಜಿ. ಎರಡು ಹೊಲಿಗೆ ಮೆಷಿನ್ನು, ಒಂದು ಕತ್ತರಿಸುವ ಮೇಜು, ಎದುರಿಗೊಂದೇ ಬಾಗಿಲು, ಅಷ್ಟೇ ನನ್ನ ಅಂಗಡಿ. ಬಿಡುವಾದಾಗ ಕ್ಯಾಮೆರಾ ಎತ್ತಿಕೊಳ್ಳುತ್ತಿದ್ದೆ. ಮೇಜಿನ ಕೆಳಗೆ ಚಿಂದಿಯ ಮೇಲೆ ಮಲಗಿದ ಬೆಕ್ಕು, ಗುಂಡಿ ಹಾಕುವ ಹೆಂಗಸು ಹಲ್ಲಿನಲ್ಲಿ ದಾರ ಕಡಿಯುವುದು, ಪೇಪರ್ ಹಿಡಿದುಕೊಂಡೇ ನಿದ್ದೆ ಹೋದ ಗಂಡ. "ಇರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು ನಿನ್ನ ಕಥೆ" ಎನ್ನುತ್ತಿದ್ದರು ಅವರು, ಎಚ್ಚರವಿದ್ದಾಗ. ಜನ ಬದುಕುವುದು ಮನೆಯೊಳಗೆ, ಬಿಸಿಲು ಬೀಳುವುದು ಹೊರಗೆ. ಒಳಗಿನದ್ದನ್ನು ಯಾರಾದರೂ ತೆಗೆಯಬೇಡವೇ?

ನಮ್ಮ ಬೀದಿಯ ಸ್ಟುಡಿಯೋದವನಿಗೆ ಇದು ಸರಿಬರುತ್ತಿರಲಿಲ್ಲ. ರೋಲು ಮಾರುವವನೂ ಅವನೇ, ತೊಳೆದು ಪ್ರಿಂಟ್ ಹಾಕುವವನೂ ಅವನೇ. ಬೀದಿಯವರೆಲ್ಲ ಅವನನ್ನು ಗೊಣಗಣ್ಣ ಎನ್ನುತ್ತಿದ್ದರು, ಅವನ ಎದುರಿಗೇ.

"ಅಕ್ಕಾ, ಇದು ಓಡೋರನ್ನ, ಕುಣಿಯೋರನ್ನ ತೆಗೆಯೋ ರೋಲು. ನೀವು ತೆಗೆಯೋದು ಬೆಕ್ಕು. ಅದೂ ಮಲಗಿರೋ ಬೆಕ್ಕು."

"ಮಲಗೋದು ಮೇಜಿನ ಕೆಳಗೆ ಅಲ್ವಾ? ನಿನ್ನ ನೂರರ ರೋಲಿಗೆ ಅಲ್ಲಿ ಕಣ್ಣು ಕಾಣುತ್ತಾ?"

"ಫೋಟೋ ಕಾಳುಕಾಳಾಗಿ ಬರುತ್ತೆ. ಮರಳು ಎರಚಿದ ಹಾಗೆ. ಆಮೇಲೆ ನನ್ನ ಪ್ರಿಂಟೇ ಸರಿಯಿಲ್ಲ ಅಂತೀರ."

"ಮರಳಲ್ಲಿ ಹೊರಳಾಡಿದ್ರೂ ಬೆಕ್ಕು ಬೆಕ್ಕೇ. ರೋಲು ಕೊಡಣ್ಣ."

ಅವನು ಗೊಣಗುತ್ತಲೇ ಕೊಡುತ್ತಿದ್ದ. ಹೀಗೆ ನಡೆಯುತ್ತಿದ್ದಾಗ ನನ್ನ ತಂಗಿಗೆ ಹೆರಿಗೆಯಾಯಿತು, ತಿಂಗಳು ತುಂಬುವ ಬಹಳ ಮೊದಲೇ.

ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗುವನ್ನು ಹೊರತೆಗೆದರು. ಹೆಣ್ಣು. ಅಂಗೈಗಿಂತ ಸ್ವಲ್ಪ ದೊಡ್ಡದು. ತಂಗಿಗೆ ಪ್ರಜ್ಞೆ ಬರುವುದರೊಳಗೆ ರಾತ್ರೋರಾತ್ರಿ ಅದನ್ನು ಊರಿನ ಆಚೆ ತುದಿಯ ದೊಡ್ಡಾಸ್ಪತ್ರೆಗೆ ಸಾಗಿಸಿಯಾಗಿತ್ತು. ಇತ್ತ ಇವಳ ಹೊಲಿಗೆ ಕೀವಾಗಿ ಜ್ವರ ಏರಿತು. ಮಗುವನ್ನು ಇಲ್ಲಿಗೆ ತರುವ ಹಾಗಿಲ್ಲ, ಇವಳು ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ.

ನಾವೆಲ್ಲ ಮಗು ಚೆನ್ನಾಗಿದೆ ಎಂದೆವು. ಅವಳು ನಂಬಲಿಲ್ಲ. ನಂಬದಿರಲು ಅವಳಿಗೆ ಕಾರಣವಿತ್ತು. ಇದಕ್ಕೆ ಮೊದಲು ಹುಟ್ಟಿದ ಗಂಡುಮಗುವನ್ನೂ ಹೀಗೇ ಎತ್ತಿಕೊಂಡು ಹೋಗಿದ್ದರು. ಹೋಗುವಾಗ ಒಂದು ಕ್ಷಣ ಅವಳ ಕಣ್ಣಿಗೆ ಬಿದ್ದಿತ್ತು. ನೀಲಿಯಾಗಿತ್ತು. ಅವಳ ಗಂಡ ಪಾಪದವನು, ಹೆಂಡತಿ ತಡೆದುಕೊಳ್ಳಲಾರಳೆಂದು ಮೂರು ದಿನ "ಚೆನ್ನಾಗಿದ್ದಾನೆ, ಕೆಂಪಗೆ ಗುಂಡಗಿದ್ದಾನೆ" ಎಂದು ಅವಳಿಗೂ ನಮಗೂ ಹೇಳುತ್ತಲೇ ಇದ್ದ. ಮಗು ಮೊದಲ ದಿನವೇ ಹೋಗಿತ್ತು.

"ಯಾವ ಬಣ್ಣ ಇದೆ?" ಎಂದು ತಂಗಿ ಈಗ ನನ್ನನ್ನು ಕೇಳಿದಳು. ನಾನು ದೊಡ್ಡಾಸ್ಪತ್ರೆಯಿಂದ ನೇರ ಅವಳ ಹತ್ತಿರ ಬಂದಿದ್ದೆ.

"ನಿನ್ನ ಹಾಗೇ ಇದೆ ಕಣೇ."

"ಕೆಂಪಗೆ ಗುಂಡಗೆ ಅಂತ ಹೇಳಲ್ವಾ?"

"ನನ್ನ ಕಣ್ಣಾರೆ ನೋಡ್ಕೊಂಡು ಬಂದೆ, ನನ್ನಾಣೆ."

"ನನಗೋಸ್ಕರ ನೀನೂ ಸುಳ್ಳು ಹೇಳ್ತೀಯ ಅಕ್ಕ. ಹೇಳ್ದೇ ಇರ್ತೀಯಾ?" ಎಂದು ಗೋಡೆಯ ಕಡೆ ಹೊರಳಿದಳು. ಊಟದ ತಟ್ಟೆ ಮುಟ್ಟದೆ ಹಾಗೇ ಇತ್ತು. ಹಾಲು ಹಿಂಡಿಕೊಡಿ, ದೊಡ್ಡಾಸ್ಪತ್ರೆಗೆ ಕಳಿಸುತ್ತೇವೆ, ಆ ಮಗುವಿಗೆ ಈಗ ಅದೇ ಔಷಧಿ ಎಂದು ಸಿಸ್ಟರ್ ಬಂದು ಬೇಡಿಕೊಂಡರೆ, "ಇಲ್ಲದೇ ಇರೋ ಮಗೂಗಾ?" ಎಂದು ಸೆರಗು ಬಿಗಿದುಕೊಂಡಳು. ಹೀಗೇ ಬಿಟ್ಟರೆ ಹಾಲು ಬತ್ತಿಹೋಗುತ್ತದೆ ಎಂದರು ಡಾಕ್ಟರು. ಬತ್ತುತ್ತಿರುವುದು ಹಾಲೊಂದೇ ಅಲ್ಲ ಎಂದು ನನಗೆ ಹೆದರಿಕೆಯಾಯಿತು.

ಅವಳ ಗಂಡ ಯಾರೋ ಫೋಟೋಗ್ರಾಫರನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಫ್ಲ್ಯಾಷ್ ನೋಡಿದ್ದೇ ತಡ, ಅಲ್ಲಿನ ಹಿರಿಯ ಸಿಸ್ಟರ್ ಇಬ್ಬರನ್ನೂ ಬಾಗಿಲಿನಿಂದಲೇ ಅಟ್ಟಿದರು. ಸರಿಯಾಗೇ ಮಾಡಿದರು. ತಿಂಗಳು ತುಂಬದ ಕಣ್ಣಿಗೆ ಅದನ್ನು ಸಿಡಿಸುವುದೇ? ಅವನು ತಲೆ ತಗ್ಗಿಸಿಕೊಂಡು ಬಂದು ಹೇಳಿದಾಗ ನಾನು ನನ್ನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡೆ.

"ಫ್ಲ್ಯಾಷ್ ಇಲ್ಲ, ಸದ್ದಿಲ್ಲ, ದೀಪ ಬೇಡ" ಎಂದೆ ಆ ಸಿಸ್ಟರಿಗೆ. "ಇರೋ ಬೆಳಕಲ್ಲೇ ತೆಗೀತೀನಿ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ಅಳೆದರು. "ಇಲ್ಲಿ ಇರೋ ಬೆಳಕಲ್ಲಿ ನನಗೆ ಸೂಜಿ ಕಾಣಲ್ಲ."

"ನನಗೆ ಕಾಣುತ್ತೆ. ನನ್ನ ಕಸುಬೇ ಅದು."

ಅವರಿಗೆ ನಗು ಬಂತು. ಕಾಮಾಲೆ ಇಳಿಸಲು ಮಗುವನ್ನು ನೀಲಿ ದೀಪದ ಕೆಳಗೆ ಇಟ್ಟಿದ್ದರು. ಅದರಲ್ಲಿ ಫೋಟೋ ತೆಗೆದರೆ ಮಗು ನೀಲಿಯಾಗಿ ಬಂದು, ತಂಗಿ ಅಲ್ಲೇ ಮುಗಿದುಹೋಗುತ್ತಾಳೆ. ಅದನ್ನು ಹೇಳಿದೆ. ಸಿಸ್ಟರಿನ ನಗು ನಿಂತಿತು. "ಬಟ್ಟೆ ಬದಲಾಯಿಸೋವಾಗ ದೀಪ ಆರಿಸ್ತೀನಿ. ಅಷ್ಟರಲ್ಲೇ ಆಗ್ಬೇಕು. ಇನ್ನೊಂದು ಅಂತ ಗೋಗರೆಯೋ ಹಾಗಿಲ್ಲ. ಮೊಣಕೈ ತನಕ ತೊಳ್ಕೊಂಡು ಬನ್ನಿ."

ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ಹಿಂದೆ ದೂರದಿಂದ ನೋಡಿದ್ದೆ, ಆಗ ತಂತಿ, ಕೊಳವೆಗಳೇ ಹೆಚ್ಚು ಕಂಡಿದ್ದವು. ಈಗ ಕಂಡದ್ದು ಕಿವಿ. ಒಂದು ಶರ್ಟಿನ ಗುಂಡಿಯಷ್ಟು ಕಿವಿ, ಅದರಲ್ಲಿ ಸುರುಳಿ, ಸುರುಳಿಯೊಳಗೆ ಇನ್ನೊಂದು ಸುರುಳಿ, ಯಾರೋ ಯಾವುದನ್ನೂ ಮರೆಯದೆ ಮಾಡಿದ್ದರು. ಇಷ್ಟು ವರ್ಷ ಬಟ್ಟೆ ಕತ್ತರಿಸಿದ್ದೇನೆ, ಸಣ್ಣ ಅಳತೆಯಲ್ಲಿ ಕೆಲಸ ಎಷ್ಟು ಕಷ್ಟವೆಂದು ನನಗೆ ಗೊತ್ತು. ಇದನ್ನು ಹೊಲಿದವರು ಯಾರೋ, ಅವರಿಗೆ ನಿಂತಲ್ಲೇ ಕೈಮುಗಿಯಬೇಕೆನಿಸಿತು.

ಸಿಸ್ಟರ್ ನೀಲಿ ದೀಪ ಆರಿಸಿದರು, ಮಗುವಿನ ಕಣ್ಣಿಗೆ ಕಟ್ಟಿದ್ದ ಪಟ್ಟಿ ಸರಿಸಿದರು. ದೂರದ ಟ್ಯೂಬ್‌ಲೈಟಿನ ಮಂಕು ಬೆಳಕು ಮಾತ್ರ ಉಳಿಯಿತು. "ಬೆರಳು ಕೊಟ್ಟು ನೋಡಿ" ಎಂದರು. ಪೆಟ್ಟಿಗೆಯ ಪಕ್ಕದ ಕಂಡಿಯಲ್ಲಿ ಎಡಗೈ ತೂರಿಸಿ, ಕಿರುಬೆರಳನ್ನು ಆ ಅಂಗೈಗೆ ತಾಗಿಸಿದೆ. ಹಿಡಿಯಿತು. ಅಬ್ಬಾ, ಏನು ಹಿಡಿತ! ಇನ್ನು ಬಿಡಿಸಿಕೊಳ್ಳುವ ಮಾತೇ ಇಲ್ಲ. ಕ್ಯಾಮೆರಾ ಬಲಗೈಯೊಂದರಲ್ಲೇ ಉಳಿಯಿತು. ನೂರರ ರೋಲಾಗಿದ್ದರೆ ಆ ಬೆಳಕಿಗೆ ಕ್ಯಾಮೆರಾ ಬಹಳ ಹೊತ್ತು ಕಣ್ಣು ತೆರೆದು ಕೂರಬೇಕಿತ್ತು, ಒಂಟಿ ಕೈಯ ಅಲುಗಾಟಕ್ಕೆ ಎಲ್ಲ ಕಲಸಿಹೋಗುತ್ತಿತ್ತು. ಎಂಟುನೂರರದ್ದು ರೆಪ್ಪೆ ಹೊಡೆಯುವುದರೊಳಗೆ ನೋಡಿ ಮುಗಿಸುತ್ತದೆ. ಉಸಿರು ಬಿಗಿಹಿಡಿದು ಒತ್ತಿದೆ. ಮತ್ತೆ ಹಲ್ಲಿನಲ್ಲಿ ಕ್ಯಾಮೆರಾದ ಪಟ್ಟಿ ಕಚ್ಚಿಕೊಂಡು, ಹೆಬ್ಬೆರಳಲ್ಲಿ ರೋಲು ಮುಂದೆ ತಳ್ಳಿ, ಮತ್ತೆ ಒತ್ತಿದೆ. ಮಗು ಒಂದು ಕಣ್ಣು ಬಿಟ್ಟಿತು. ಇನ್ನೊಂದು ಬಿಡಲು ಸೋಮಾರಿತನ, ಅವಳ ಅಮ್ಮನ ಹಾಗೆ.

"ಸಾಕು" ಎಂದರು ಸಿಸ್ಟರ್. ದೀಪ ಹತ್ತಿತು.

ಅರ್ಧ ರೋಲು ಬಳಸದೆ ಹಾಗೇ ಸುತ್ತಿ ತಂದದ್ದಕ್ಕೆ ಗೊಣಗಣ್ಣ ಗೊಣಗಿದ. ವಿಷಯ ಹೇಳಿದೆ. ರೋಲು ತೆಗೆದುಕೊಂಡು ಒಳಗೆ ಹೋದ. ಬೇರೆಯವರ ರೋಲುಗಳನ್ನು ಪಕ್ಕಕ್ಕಿಟ್ಟು ನನ್ನದನ್ನು ತೊಳೆದ. ಆ ಮನುಷ್ಯ ಸುಮ್ಮನಿರುವುದನ್ನು ನಾನು ನೋಡಿದ್ದು ಅದೇ ಮೊದಲು.

ಮೊದಲ ಪ್ರಿಂಟ್ ಮೆಷಿನ್ನಿನಿಂದ ಹೊರಬಂತು. ಚಿತ್ರ ಸ್ಪಷ್ಟವಾಗಿತ್ತು, ಒಂದು ಕಣ್ಣು, ಕಿವಿ, ಹಿಡಿದ ಬೆರಳು ಎಲ್ಲ ಇತ್ತು. ಬಣ್ಣ ಮಾತ್ರ ಪಾಚಿ ಹಸಿರು.

"ಟ್ಯೂಬ್‌ಲೈಟ್ ಹಂಗೇ ಅಕ್ಕ. ನಮ್ಮ ಕಣ್ಣಿಗೆ ಬೆಳ್ಳಗೆ ಕಾಣುತ್ತೆ, ರೋಲಿಗೆ ಹಸಿರು. ತೆಗೀತೀನಿ ಇರಿ." ಅವನು ಗುಂಡಿಗಳನ್ನು ಒತ್ತಿ ಎರಡನೆಯದು ತೆಗೆದ. ಈಗ ಮಗು ಅಂಗಡಿಯ ಗೊಂಬೆಯಂತೆ ಗುಲಾಬಿಯಾಗಿತ್ತು. ಕೆಂಪಗೆ, ಗುಂಡಗೆ.

"ಇದು ಬೇಡ" ಎಂದೆ. "ಇದನ್ನ ನೋಡಿದ್ರೆ ಅವಳು ಹರಿದು ಬಿಸಾಕ್ತಾಳೆ."

"ಮಗು ಅಂದ್ರೆ ಹಿಂಗೇ ಅಲ್ವಾ? ಹೋಗ್ಲಿ, ಯಾವ ಬಣ್ಣ ಇತ್ತು, ಹೇಳಿ."

ಬಣ್ಣ ಹೊಂದಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮೆರೆಯುತ್ತಿದ್ದ ನನಗೆ ಆ ಮಗುವಿನ ಬಣ್ಣ ಗೊತ್ತಿರಲಿಲ್ಲ. ನಾನು ಅದನ್ನು ನೀಲಿ ದೀಪದಲ್ಲಿ ನೋಡಿದ್ದೆ, ಟ್ಯೂಬ್‌ಲೈಟಿನಲ್ಲಿ ನೋಡಿದ್ದೆ. ಹಗಲ ಬೆಳಕಿನಲ್ಲಿ ಅದನ್ನು ಇನ್ನೂ ಯಾರೂ ನೋಡಿರಲಿಲ್ಲ. ಟ್ಯೂಬ್‌ಲೈಟನ್ನು ಯಾವ ದರ್ಜಿಯೂ ನಂಬುವುದಿಲ್ಲ. ಬಟ್ಟೆಗೆ ದಾರ ಹೊಂದಿಸಬೇಕಾದರೆ ಎರಡನ್ನೂ ಹಿಡಿದುಕೊಂಡು ಬಾಗಿಲಿಗೆ ಬರುತ್ತೇವೆ. ಮಗುವನ್ನು ಬಾಗಿಲಿಗೆ ತರುವುದು ಹೇಗೆ?

ಗುಲಾಬಿ ಪ್ರಿಂಟನ್ನೇ ದಿಟ್ಟಿಸಿದೆ. ಮಗುವಿನ ಮುಷ್ಟಿಯಲ್ಲಿ ನನ್ನ ಕಿರುಬೆರಳೂ ಗುಲಾಬಿಯಾಗಿ, ಯಾವುದೋ ರಾಣಿಯ ಬೆರಳಿನ ಹಾಗೆ ಕೂತಿತ್ತು. ನನಗೆ ಅಳುವಿನ ನಡುವೆಯೂ ನಗು ಬಂತು. ಆಮೇಲೆ ಹೊಳೆಯಿತು.

"ಅಣ್ಣ, ಮಗೂನ ಬಿಡು. ನನ್ನ ಬೆರಳನ್ನ ಸರಿ ಮಾಡು" ಎಂದು ಎಡಗೈಯನ್ನು ಅವನ ಮುಂದೆ ಚಾಚಿದೆ. "ಒಂದೇ ಬೆಳಕಲ್ಲಿ ಇದ್ವಲ್ಲ ಇಬ್ಬರೂ? ಇದು ಸರಿಯಾದ್ರೆ ಅದೂ ಆಗ್ಬೇಕು."

ಅವನು ನನ್ನ ಮುಖ ನೋಡಿದ, ಬೆರಳು ನೋಡಿದ. "ಬನ್ನಿ ಬಾಗಿಲಿಗೆ" ಎಂದ.

ಆಮೇಲೆ ನಾವು ಮಾಡಿದ್ದನ್ನು ನೋಡಿದವರು ಹುಚ್ಚು ಎಂದಿರಬೇಕು. ಅವನು ಒಳಗೆ ಹೋಗಿ ಒಂದು ಪ್ರಿಂಟ್ ತೆಗೆಯುವುದು, ಬೀದಿ ಬಾಗಿಲಿಗೆ ಬಂದು ಹಗಲಿನಲ್ಲಿ ನನ್ನ ಕೈಯ ಪಕ್ಕ ಹಿಡಿಯುವುದು, "ಇನ್ನೂ ಕೆಂಪು ಜಾಸ್ತಿ" ಎಂದು ಮತ್ತೆ ಒಳಗೆ ಓಡುವುದು. ಪ್ರತಿ ಸಲವೂ ಬೆರಳನ್ನೇ ನೋಡಿದೆವು. ಮಗುವಿನ ಕಡೆ ನೋಡಬಾರದೆಂದು ನಾನೇ ಹಟ ಹಿಡಿದಿದ್ದೆ, ನೋಡಿದರೆ ಆಸೆಯ ಬಣ್ಣ ಕೇಳಿಬಿಡುತ್ತೇನೆ. ಕೊನೆಗೆ ಒಂದರಲ್ಲಿ ಬೆರಳು ನನ್ನದಾಯಿತು. ಅದೇ ಕಂದು, ಉಗುರಿನ ಬುಡದಲ್ಲಿ ಅದೇ ಕಪ್ಪು, ಗೆಣ್ಣಿನ ಮೇಲೆ ಅದೇ ಬಿಳಚು. ಕಾಳುಕಾಳಾಗಿತ್ತು, ಆದರೂ ನನ್ನ ಕೈಯೇ.

ಆಗ ಮಗುವನ್ನು ನೋಡಿದೆ.

ಮಾಗುತ್ತಿರುವ ಹಣ್ಣಿನಂಥ ಕೆಂಪುಗಂದು. ಮುಷ್ಟಿಯ ಗೆಣ್ಣುಗಳಲ್ಲಿ ಇನ್ನಷ್ಟು ಕೆಂಪು, ಒಳಗೆ ರಕ್ತ ಓಡಾಡುತ್ತಿರುವುದು ಹೊರಗೆ ಕಾಣುವಷ್ಟು. ತುಟಿ ಕಡುಗೆಂಪು. ಹಣೆಯ ಮೇಲೆ, ಮೂಗಿನ ತುದಿಯಲ್ಲಿ ತೆಳ್ಳಗೆ ಹಳದಿ. ಅಲ್ಲಿಯವರೆಗೆ ಯಾರೂ ಕಾಣದ ಬಣ್ಣ ಒಂದು ಚೂರು ಕಾಗದದ ಮೇಲೆ, ನಮ್ಮ ಧೂಳು ಬೀದಿಯಲ್ಲಿ, ನನ್ನ ಕೈಯಲ್ಲಿತ್ತು. ಆ ಮಂಕು ಕೋಣೆಯಲ್ಲಿ ನನ್ನ ಕಣ್ಣಿಗೆ ಸಿಗದ್ದನ್ನು ಒಂದು ರೋಲು ನೋಡಿ, ನೆನಪಿಟ್ಟುಕೊಂಡು, ಇಲ್ಲಿಯ ತನಕ ಹೊತ್ತು ತಂದಿತ್ತು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗೊಣಗಣ್ಣನೂ ಪಕ್ಕದಲ್ಲಿ ಕೂತ.

"ಹಳದಿ ಇದೆಯಲ್ಲ" ಎಂದ ಪ್ರಿಂಟಿನ ಮೇಲೆ ಬಗ್ಗಿ. "ತೆಗೆದುಬಿಡ್ಲಾ?"

"ಮುಟ್ಟಬೇಡ. ಅದೂ ಮಗೂದೇ."

ಆಸ್ಪತ್ರೆಯಲ್ಲಿ ತಂಗಿ ಫೋಟೋ ಕೈಗೆ ತೆಗೆದುಕೊಂಡಳು, ಕಿಟಕಿಯ ಕಡೆ ಹೊರಳಿದಳು. ಅವಳ ಗಂಡ ಬಾಗಿಲ ಹತ್ತಿರ ಉಗುರು ಕಚ್ಚುತ್ತಾ ನಿಂತಿದ್ದ.

"ಇದು ನಿನ್ನ ಬೆರಳು."

"ಹೂಂ."

"ಕೈ ಕೊಡು."

ಕೊಟ್ಟೆ. ಅದನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಫೋಟೋದ ಪಕ್ಕ ಇಟ್ಟಳು. ಬೆರಳಿನಿಂದ ಚಿತ್ರಕ್ಕೆ, ಚಿತ್ರದಿಂದ ಬೆರಳಿಗೆ ಕಣ್ಣು ಓಡಾಡಿತು. ಅವಳೂ ಅಳೆಯುವವಳೇ, ನನ್ನ ತಂಗಿಯಲ್ಲವೇ. ಆಮೇಲೆ ಮಗುವಿನ ಹಣೆಯ ಮೇಲೆ ಉಗುರಿಟ್ಟಳು.

"ಇಲ್ಲಿ ಯಾಕೆ ಹಳದಿ?"

"ಕಾಮಾಲೆ. ಹೊಟ್ಟೆ ತನಕ ಇತ್ತಂತೆ. ಈಗ ಇಳೀತಾ ಇದೆ, ಮುಖದಲ್ಲಿ ಮಾತ್ರ ಉಳಿದಿದೆ."

"ಹಳದಿ ಇದೆ" ಎಂದಳು ಗಂಡನ ಕಡೆ ತಿರುಗಿ, ಅವನಿಗೇನೋ ಬಹುಮಾನ ಬಂದಿದೆ ಎನ್ನುವ ಹಾಗೆ. "ನೋಡ್ರೀ, ಹಳದಿ ಇದೆ. ಯಾರೂ ಚೆಂದ ಮಾಡಿಲ್ಲ." ಅವನು ಬಾಗಿಲಿಗೆ ಹಣೆ ಒತ್ತಿಕೊಂಡು ಅತ್ತ.

ಅವಳು ಅಳಲಿಲ್ಲ. ನನ್ನ ಕೈ ಬಿಟ್ಟು, ಹೊಟ್ಟೆಯ ಹೊಲಿಗೆ ಹಿಡಿದುಕೊಂಡು, ಹಲ್ಲು ಕಚ್ಚಿ ಎದ್ದು ಕೂತಳು. ಫೋಟೋವನ್ನು ದಿಂಬಿಗೆ ಒರಗಿಸಿಟ್ಟಳು, ಮುಖ ತನ್ನ ಕಡೆ ಇರುವಂತೆ.

"ಸುಮ್ನೆ ನಿಂತಿದ್ದೀಯಲ್ಲ ಅಕ್ಕ, ಸಿಸ್ಟರ್‌ನ ಕರಿ" ಎಂದಳು. "ಅಲ್ಲಿ ಮಗು ಹಸಿದಿರುತ್ತೆ."